ಅರ್ಧ ಟಿಕೇಟಿನ ಪ್ರಯಾಣಿಕರು

ಶಾಲೆಗಳಿಗೆ ರಜೆ ಬಂದೊಡನೆ ಪಟ್ಟಣವಾಸಿಯಾದ ಗೃಹಸ್ಥನ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಒಂದು ದಿವಸದ ಮಟ್ಟಿಗಾದರೂ ಎಲ್ಲಿಗೆ ಕರೆದುಕೊಂಡು ಹೋಗೋಣ? ವಾರಗಟ್ಟಲೆಯ ಪ್ರವಾಸಕ್ಕೆ ಕಚೇರಿಯಲ್ಲಿ ರಜೆಯೂ ಸಿಕ್ಕದು, ಕೈಯಲ್ಲಿ ಹಣವೂ ನಿಲ್ಲದು. ಬೆಳಗ್ಗೆ ಹೊರಟು ರಾತ್ರಿಯ ಊಟದ ಹೊತ್ತಿಗೆ ಮನೆ ಸೇರುವಂತಹ ವಿಹಾರವೊಂದೇ ಅವನಿಗೆ ಸಾಧ್ಯ. ಇಂತಹ ವಿಹಾರಕ್ಕೆ ರೈಲುಗಾಡಿಗಿಂತ ಯೋಗ್ಯವಾದ ವಾಹನವು ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಈ ವಾಹನದಿಂದ ಮಕ್ಕಳುಳ್ಳ ಸಂಸಾರಗಳನ್ನು ದೂರಮಾಡುವ ಕಾರ್ಯವು ಕೆಲವು ವರ್ಷಗಳಿಂದ ಸದ್ದಿಲ್ಲದೆ ನಡೆಯುತ್ತಿದೆ. ಅದನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯವಾಗಿದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಧಾತು-ಈಶ್ವರ ಸಂವತ್ಸರಗಳ ಘೋರ ಕ್ಷಾಮದ ಬೆನ್ನಿಗೇ ಮೈಸೂರು ಸಂಸ್ಥಾನದ ಬೊಕ್ಕಸದ ಹಣದಿಂದ ಹಾಕಿಸಿದ ಹಾದಿ ಇದು. 1882ರಲ್ಲಿ ಮೈಸೂರನ್ನು ಮುಟ್ಟಿತು. ಪರದೇಶದ ಕಂಪೆನಿಯ ಲಾಭಕ್ಕಾಗಿ ಹುಟ್ಟಿದ್ದಲ್ಲ, ರೈತನ ಕಂದಾಯದಿಂದ ಹುಟ್ಟಿದ್ದು. ದೂರವು ಸುಮಾರು 138 ಕಿಲೋಮೀಟರು. ಆದರೆ ಕಿಟಕಿಯ ಪಕ್ಕದಲ್ಲಿ ಕುಳಿತ ಎಂಟು ವರ್ಷದ ಬಾಲಕನಿಗೆ ಈ ಹಾದಿಯು ಒಂದು ವರ್ಷದ ಭೂಗೋಳವನ್ನು ಕಲಿಸಬಲ್ಲುದು. ರಾಮನಗರದ ಬಳಿ ಬೋಳುಬಂಡೆಗಳ ಬೆಟ್ಟಗಳು ಬರುತ್ತವೆ. ಅಲ್ಲಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವನ್ನಾಗಿ ಮಾಡಿದ್ದಾರೆ. ಚನ್ನಪಟ್ಟಣದಲ್ಲಿ ಆಲೆಮರದ ಕಟ್ಟಿಗೆಯನ್ನು ಕಡೆದು ಅರಗಿನ ಬಣ್ಣ ಹಚ್ಚಿ ಬೊಂಬೆಗಳನ್ನು ಮಾಡುವ ಕುಶಲಿಗಳಿದ್ದಾರೆ. ಮದ್ದೂರಿನಲ್ಲಿ ಶಿಂಷಾ ಹೊಳೆ. ವಡೆಯ ವಿಷಯವನ್ನು ನಾವು ಹೇಳಬೇಕಾದ್ದೇನೂ ಇಲ್ಲ. ಮಂಡ್ಯದ ಸುತ್ತ ಕಣ್ಣು ಹಾಯುವಷ್ಟು ದೂರ ಕಬ್ಬಿನ ಗದ್ದೆ. ಕನ್ನಂಬಾಡಿಯಲ್ಲಿ ಕಟ್ಟಿದ ನೀರು ಕಾಲುವೆಯಲ್ಲಿ ಹರಿದು ಈ ಗದ್ದೆಗೆ ಬಂದು ಕಬ್ಬಾಗಿ, ಕಾರ್ಖಾನೆಯಲ್ಲಿ ಸಕ್ಕರೆಯಾಗಿ, ತನ್ನ ಹಾಲಿನ ಲೋಟದೊಳಗೆ ಬೀಳುತ್ತದೆಂಬುದನ್ನು ಪಟ್ಟಣದ ಮಗುವು ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮನಸ್ಸಿಗೆ ಹತ್ತದು. ಇಲ್ಲಿ ಒಂದು ಸಲ ನೋಡಿದರೆ ಮರೆಯದು.

ಕೊನೆಗೆ ಕಾವೇರಿ ಬರುತ್ತದೆ. ಗಾಡಿಯು ಒಂದು ಸೇತುವೆಯನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಹೊಕ್ಕು, ಇನ್ನೊಂದು ಸೇತುವೆಯಿಂದ ಹೊರಬೀಳುತ್ತದೆ. ಮೈಸೂರಿನವರೆಗೂ ಓಡದೆ ಸಂಸಾರಸಮೇತರಾದವರು ಇಲ್ಲಿಯೇ ಇಳಿಯುವುದು ಲೇಸು. ಸ್ಟೇಷನ್ನು ಕೋಟೆಯ ಒಡಲಿನಲ್ಲಿಯೇ ಇದೆ; ರಂಗನಾಥಸ್ವಾಮಿಯ ಗುಡಿಗೆ ಮಕ್ಕಳೂ ನಡೆದು ಹೋಗಬಹುದು. 1784ರ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಲ್ಲಿಲೂರಿನ ಕದನದ ಚಿತ್ರವಿದೆ; ಆನೆ, ಕುದುರೆ, ಕೆಂಪು ಅಂಗಿಯ ಸಿಪಾಯಿಗಳನ್ನು ಎಣಿಸುತ್ತ ನಿಂತ ಮಗುವನ್ನು ಅಲ್ಲಿಂದ ಕದಲಿಸುವುದೇ ಕಷ್ಟ. 1799ರಲ್ಲಿ ಈ ಕೋಟೆಯು ಹೇಗೆ ಬಿದ್ದಿತೆಂಬ ಕಥೆಯನ್ನು ಹೇಳಬೇಕಾದ ಸ್ಥಳವೂ ಇದೇ. ಇಲ್ಲಿಗೆ ದಿವಸವು ತುಂಬಿಹೋಗುತ್ತದೆ.

ಇದಕ್ಕೆ ಮೋಟಾರು ಸಾಲದೆ ಎಂದು ಕೇಳುವವರುಂಟು. 2023ರ ಮಾರ್ಚಿ 12ರಂದು ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಗೊಂಡಿತು. ಅದು ಊರುಗಳನ್ನು ಬದಿಗಿಟ್ಟು ಹಾಯುವ ಹಾದಿ. ಮಗುವಿಗೆ ಕಾಣುವುದು ತಡೆಗೋಡೆ ಮಾತ್ರ. ಮೋಟಾರಿನಲ್ಲಿ ಅದನ್ನು ಪಟ್ಟಿಯಿಂದ ಬಿಗಿದು ಕೂರಿಸಬೇಕು. ಅದು ಅತ್ತರೆ ನಿಲ್ಲಿಸಲು ಜಾಗ ಹುಡುಕಬೇಕು. ರೈಲಿನಲ್ಲಾದರೋ ತಂದೆಯ ಕಣ್ಣು ರಸ್ತೆಯ ಮೇಲಿರಬೇಕಾಗಿಲ್ಲ, ಮಗುವಿನ ಮೇಲಿರಬಹುದು. ಎದುರುಬದುರಾಗಿ ಕುಳಿತು ಬುತ್ತಿಯನ್ನು ಬಿಚ್ಚಬಹುದು. ಎದುರಿನ ಬೆಂಚಿನ ಅಜ್ಜಿಯು ಯಾವ ಜಾತಿ, ಯಾವ ಊರು ಎಂದು ತಿಳಿಯುವ ಮೊದಲೇ ನಮ್ಮ ಮಗುವಿನ ಕೈಗೆ ಕಡಲೆಕಾಯಿ ಕೊಟ್ಟಿರುತ್ತಾಳೆ. ದೇಶವೆಂಬುದು ಜನರಿಂದಾದದ್ದೆಂದು ಮಗುವಿಗೆ ತಿಳಿಯುವುದು ಹೀಗೆ.

ಅದೇ ಮಾರ್ಚಿ 12ರಂದು ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಮ್ಮನ್ನೂ ಉದ್ಘಾಟಿಸಿದರು. ಜಗತ್ತಿನಲ್ಲಿ ಇದಕ್ಕಿಂತ ಉದ್ದವಾದದ್ದಿಲ್ಲವೆಂದು ನಾವೆಲ್ಲರೂ ಹೆಮ್ಮೆಪಟ್ಟೆವು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ಡಬ್ಬಿಯನ್ನು ಹುಡುಕುವ ತಾಯಿಗೆ ಮಾತ್ರ ಈ ಕೀರ್ತಿಯು ಮೊದಲು ಕಾಲಿಗೇ ತಿಳಿಯುತ್ತದೆ.

ಈಗ ದರದ ವಿಷಯಕ್ಕೆ ಬರೋಣ. 2016ನೆಯ ಇಸವಿ ಏಪ್ರಿಲ್ 21ರ ತನಕ, ಐದು ವರ್ಷ ತುಂಬಿ ಹನ್ನೆರಡು ತುಂಬದ ಮಗುವಿಗೆ ಅರ್ಧ ಟಿಕೇಟು ಕೊಂಡರೆ ಅದಕ್ಕೂ ಒಂದು ಕಾದಿರಿಸಿದ ಜಾಗ ದೊರೆಯುತ್ತಿತ್ತು. ಅಂದಿನಿಂದ, ಜಾಗ ಬೇಕೆಂದರೆ ಪೂರ್ತಿ ಹಣ, ಜಾಗ ಬೇಡವೆಂದರೆ ಅರ್ಧ ಹಣ ಎಂದಾಯಿತು. ರಾತ್ರಿಯ ಗಾಡಿಯಲ್ಲಿ ಮಲಗಿ ಹೋಗುವವರಿಗೆ ಈ ಆಯ್ಕೆಯಾದರೂ ಇದೆ. ಹಗಲಿನಲ್ಲಿ ಕುಳಿತು ಹೋಗುವ ಕಾದಿರಿಸಿದ ದರ್ಜೆಗಳಲ್ಲಿ ಅದೂ ಇಲ್ಲ; ಐದು ವರ್ಷದ ಮಗುವೂ ಐವತ್ತು ವರ್ಷದ ತಂದೆಯೂ ಸರಿಸಮಾನರು. ಒಂದು ದಿವಸದ ವಿಹಾರಕ್ಕೆ ಹೊರಡುವವರು ಹತ್ತುವುದು ಈ ಹಗಲಿನ ಗಾಡಿಗಳನ್ನೇ ಎಂಬುದನ್ನು ವಾಚಕರು ಗಮನಿಸಬೇಕು.

ಇದರ ಮೇಲೆ, ವೃದ್ಧರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನೆಪದಿಂದ ನಿಲ್ಲಿಸಿದರು. 58 ವರ್ಷ ತುಂಬಿದ ಹೆಂಗಸರಿಗೆ ಅರ್ಧದಷ್ಟು, 60 ತುಂಬಿದ ಗಂಡಸರಿಗೆ ನೂರಕ್ಕೆ ನಲವತ್ತರಷ್ಟು ಕಡಿತವಿತ್ತು. ತಂದೆ, ತಾಯಿ, ಆರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ: ಇದು ನಮ್ಮ ಸಾಧಾರಣ ಸಂಸಾರ. ಹಿಂದೆ ಈ ಐವರು ಮೂರೂವರೆ ಟಿಕೇಟಿನ ಹಣದಲ್ಲಿ ಹೋಗಿಬರುತ್ತಿದ್ದರು. ಈ ಎರಡು ಆಜ್ಞೆಗಳ ಫಲವಾಗಿ ಐದು ಟಿಕೇಟು ತೆರಬೇಕಾಯಿತು. ದರವನ್ನು ಒಂದು ಕಾಸೂ ಏರಿಸಲಿಲ್ಲವೆಂದು ಹೇಳಿಕೊಂಡೇ ಸಂಸಾರದ ವೆಚ್ಚವನ್ನು ನೂರಕ್ಕೆ ನಲವತ್ತಕ್ಕೂ ಮೇಲೆ ಏರಿಸಿದ ಈ ಚಾತುರ್ಯವನ್ನು ಮೆಚ್ಚಬೇಕಾದ್ದೇ! ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ 2023ರಲ್ಲಿ ದೊರೆತ ಉತ್ತರದಂತೆ, ಮಕ್ಕಳ ಟಿಕೇಟಿನ ನಿಯಮವನ್ನು ಬದಲಿಸಿದ್ದರಿಂದ ಏಳು ವರ್ಷಗಳಲ್ಲಿ ಬಂದ ಹೆಚ್ಚುವರಿ ವರಮಾನವು 2,800 ಕೋಟಿ ರೂಪಾಯಿಗಳಿಗೂ ಮಿಕ್ಕಿದ್ದು.

ಕಾದಿರಿಸದ ಪ್ಯಾಸೆಂಜರ್ ಗಾಡಿಯಲ್ಲಿ ಮಕ್ಕಳಿಗೆ ಅರ್ಧ ಟಿಕೇಟು ಉಳಿದಿದೆ, ನಿಜ. ಆದರೆ ಸಾಂಕ್ರಾಮಿಕದ ಕಾಲದಲ್ಲಿ ಈ ಗಾಡಿಗಳಿಗೆ ‘ವಿಶೇಷ’ವೆಂಬ ಬಿರುದು ಕೊಟ್ಟು 10 ರೂಪಾಯಿಯ ಕನಿಷ್ಠ ದರವನ್ನು 30ಕ್ಕೆ ಏರಿಸಿದರು. ವೇಗವೇನೂ ವಿಶೇಷವಾಗಲಿಲ್ಲ. ಹಳೆಯ ದರವು ಮರಳಿ ಬಂದದ್ದು 2024ರ ಫೆಬ್ರವರಿಯ ಕೊನೆಯಲ್ಲಿ. ಅಷ್ಟರೊಳಗೆ, 2023ರ ಜೂನ್ 11ರಿಂದ ರಾಜ್ಯದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವು ಉಚಿತವಾಗಿತ್ತು. ತಾಯಿಗೂ ಅಜ್ಜಿಗೂ ಮಗಳಿಗೂ ಟಿಕೇಟಿಲ್ಲದ ಬಸ್ಸನ್ನು ಬಿಟ್ಟು, ಎಲ್ಲರಿಗೂ ಪೂರ್ಣ ಹಣ ಕೇಳುವ ರೈಲನ್ನು ಸಂಸಾರವಂದಿಗನು ಏಕೆ ಹತ್ತಬೇಕು?

1915ರಲ್ಲಿ ಸ್ವದೇಶಕ್ಕೆ ಮರಳಿದ ಗಾಂಧೀಜಿಯವರು ಮೂರನೆಯ ತರಗತಿಯಲ್ಲಿಯೇ ಸಂಚರಿಸಿ, ಅಲ್ಲಿಯ ನೂಕುನುಗ್ಗಲು, ಹೊಲಸು, ಅಧಿಕಾರಿಗಳ ಅನಾದರ ಇವುಗಳನ್ನು ಕುರಿತು 1917ರಲ್ಲಿ ಪತ್ರ ಬರೆದರು. ಇಲಾಖೆಯನ್ನು ಆಕ್ಷೇಪಿಸಿದಂತೆಯೇ, ಎಲ್ಲೆಂದರಲ್ಲಿ ಉಗುಳುವ ಪ್ರಯಾಣಿಕರನ್ನೂ ಅವರು ಬಿಡಲಿಲ್ಲ. ಮೂರನೆಯ ತರಗತಿಯೆಂಬ ಹೆಸರು 1974ರಲ್ಲಿ ಹೋಯಿತು. ರಜೆಯ ದಿವಸ ಕಾದಿರಿಸದ ಡಬ್ಬಿಯ ಬಾಗಿಲಿನಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ನಿಂತವನಿಗೆ, ಹೋದದ್ದು ಹೆಸರೊಂದೇ ಎಂದು ತೋರಿದರೆ ಆಶ್ಚರ್ಯವಿಲ್ಲ.

ಇಲಾಖೆಯ ಪರವಾಗಿ ಹೇಳಬಹುದಾದ ಮಾತುಗಳಿಲ್ಲದಿಲ್ಲ. ಮಗುವು ಚಿಕ್ಕದಾದರೂ ಅದು ಕುಳಿತ ಆಸನವು ಚಿಕ್ಕದಲ್ಲ. ಅದನ್ನು ಇನ್ನೊಬ್ಬನಿಗೆ ಮಾರುವಂತಿಲ್ಲ. ಪ್ರಯಾಣದ ವೆಚ್ಚದಲ್ಲಿ ನೂರಕ್ಕೆ 57ರಷ್ಟು ಮಾತ್ರ ಪ್ರಯಾಣಿಕರಿಂದ ವಸೂಲಾಗುತ್ತದೆಂದು ಟಿಕೇಟುಗಳ ಮೇಲೆಯೇ ಅಚ್ಚುಮಾಡಿಸಿದ್ದುಂಟು. ನ್ಯಾಯವಾದ ಮಾತೇ. ಆದರೆ ಹಾಗೆ ವಾದಿಸುವವರು, ಎರಡು ಗಂಟೆಯ ಹಗಲಿನ ಪ್ರಯಾಣದಲ್ಲಿ ಆರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತೇನೆ, ಅರ್ಧ ಹಣ ತೆಗೆದುಕೊಳ್ಳಿರಿ ಎನ್ನುವ ತಾಯಿಗೆ ಏನು ಉತ್ತರ ಕೊಡುತ್ತಾರೆ? ಆಕೆ ಇಲಾಖೆಯ ಆಸನವನ್ನು ಕೇಳುತ್ತಲೇ ಇಲ್ಲ. ಸ್ವಿಟ್ಸರ್ಲೆಂಡು ಲೆಕ್ಕಾಚಾರದಲ್ಲಿ ಯಾರಿಗೂ ಸೋಲದ ದೇಶ. ಅಲ್ಲಿ ಹದಿನಾರು ತುಂಬದ ಮಗುವಿಗೆ ವರ್ಷಕ್ಕೊಮ್ಮೆ 30 ಫ್ರಾಂಕಿನ ಕಾರ್ಡನ್ನು ಕೊಂಡರೆ, ತಂದೆ ಅಥವಾ ತಾಯಿಯ ಜೊತೆಗೆ ಅದು ಹಣವಿಲ್ಲದೆ ಸಂಚರಿಸಬಹುದು. ಮಗುವನ್ನು ಬಿಟ್ಟುಕೊಂಡರೆ ಎರಡು ದೊಡ್ಡ ಟಿಕೇಟು ಮಾರಾಟವಾಗುತ್ತವೆಂಬ ವ್ಯಾಪಾರವು ಅವರಿಗೆ ತಿಳಿದಿದೆ.

ಇನ್ನು ಹಿರಿಯರ ವಿಷಯ. ದೂರನ್ನೆಲ್ಲ ಇಲಾಖೆಯ ತಲೆಗೆ ಕಟ್ಟಿ ನಾವು ನುಣುಚಿಕೊಳ್ಳುವುದು ಸರಿಯಲ್ಲ. ನಮ್ಮಲ್ಲಿ ಬಹುಮಂದಿ ತಂದೆಯರು ಒಂದು ದಿವಸದ ವಿಹಾರವನ್ನು ದಂಡಯಾತ್ರೆಯೆಂದು ತಿಳಿದಂತಿದೆ. ಶ್ರೀರಂಗಪಟ್ಟಣ, ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ, ಎಲ್ಲವೂ ಒಂದೇ ದಿವಸದಲ್ಲಿ ಆಗಬೇಕು! ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಅಳುತ್ತಾರೆ, ತಾಯಿ ಸಿಡಿಮಿಡಿಗೊಳ್ಳುತ್ತಾಳೆ, ತಂದೆ ಗಡಿಯಾರ ನೋಡುತ್ತಾನೆ. ಒಂದು ದಿವಸಕ್ಕೆ ಒಂದು ಸ್ಥಳ ಸಾಕು. ಮಕ್ಕಳ ಪ್ರಾಯವೂ ಲೆಕ್ಕಕ್ಕೆ ಬರಬೇಕು: ಐದಾರು ವರ್ಷದವರಿಗೆ 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವೊಂದೇ ದಿವಸದ ಬಹುಭಾಗವನ್ನು ತುಂಬಬಲ್ಲುದು, ಅಲ್ಲಿ ಹಳೆಯ ಉಗಿಯಂತ್ರಗಳೂ ಅರಮನೆಯವರ ಗಾಡಿಯೂ ಇವೆ, ಮಕ್ಕಳು ಹತ್ತಿ ಸುತ್ತುವ ಪುಟ್ಟ ರೈಲೂ ಇದೆ.

ಗಾಡಿಯು ಹೊರಡುವ ಸ್ಟೇಷನ್ನಿನಲ್ಲಿಯೇ ಹತ್ತಿದರೆ ಕಿಟಕಿಯ ಜಾಗ ಸಿಕ್ಕುತ್ತದೆ. ಮರಳುವ ಗಾಡಿಯನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಹೋಗುವ ಗಾಡಿಯನ್ನು ಆರಿಸಬೇಕು. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಮಾಡಿ, ಕತ್ತಲಾದ ಮೇಲೆ ನಿದ್ದೆಯ ಮಕ್ಕಳನ್ನು ಹೊತ್ತು ಗುಂಪಿನಲ್ಲಿ ನುಗ್ಗುತ್ತೇವೆ. ತಾವು ಉದ್ದೇಶಿಸಿದ ಗಾಡಿಯು ಇಳಿಯುವ ಊರಿನಲ್ಲಿ ನಿಲ್ಲುತ್ತದೆಯೆ ಎಂದು ನೋಡಿಕೊಳ್ಳುವುದನ್ನೂ ಮರೆಯಬಾರದು. ವೇಗದ ಗಾಡಿಗಳಲ್ಲಿ ಹಲವು ಶ್ರೀರಂಗಪಟ್ಟಣವನ್ನು ಲೆಕ್ಕಿಸದೆ ಓಡುತ್ತವೆ. ನೀರನ್ನು ಮನೆಯಿಂದ ಒಯ್ಯಬೇಕು. ಬುತ್ತಿಗೆ ಚಿತ್ರಾನ್ನ, ಚಪಾತಿ ಸಾಕು. ಪ್ರತಿಯೊಂದು ಮಗುವಿನ ಜೇಬಿನಲ್ಲಿಯೂ ತಂದೆತಾಯಿಯರ ಹೆಸರು ಮತ್ತು ದೂರವಾಣಿ ಸಂಖ್ಯೆ ಬರೆದ ಚೀಟಿಯಿರಬೇಕು. ಜಾತ್ರೆಯಂತಹ ಗುಂಪಿನಲ್ಲಿ ಕೈ ತಪ್ಪಲು ಒಂದು ನಿಮಿಷ ಸಾಕು. ರೈಲ್ವೆಯ ಸಹಾಯಕ್ಕೆ 139, ಮಕ್ಕಳ ಸಹಾಯಕ್ಕೆ 1098 ಎಂಬ ಅಂಕಿಗಳನ್ನು ತಾಯಂದಿರು ಬಾಯಿಪಾಠ ಮಾಡಿಕೊಳ್ಳಲಿ.

ಇವೆಲ್ಲಕ್ಕಿಂತ ನಮಗೆ ಹೆಚ್ಚು ವ್ಯಥೆಯಾಗುವ ದೃಶ್ಯವೊಂದಿದೆ. ಗಾಡಿಯು ಕಾವೇರಿಯ ಸೇತುವೆಯನ್ನು ಏರಿದಾಗ ಹಳಿಯ ಸದ್ದು ಬದಲಾಗುತ್ತದೆ. ಮಗುವು ಕಿಟಕಿಯ ಸರಳಿಗೆ ಮುಖವಿಟ್ಟು, ಅಪ್ಪಾ, ಇದು ಯಾವ ಹೊಳೆ ಎಂದು ಕೇಳುತ್ತದೆ. ಅಪ್ಪನು ಕೈಯಲ್ಲಿಯ ದೂರವಾಣಿಯಿಂದ ಕಣ್ಣೆತ್ತದೆ, ಯಾವುದೋ ಹೊಳೆ ಇರಬೇಕು ಎನ್ನುತ್ತಾನೆ. ಇದು ನಾವು ಕಲ್ಪಿಸಿದ ಮಾತಲ್ಲ, ಕಿವಿಯಾರ ಕೇಳಿದ್ದು. ಅರ್ಧ ಟಿಕೇಟನ್ನು ಇಲಾಖೆ ಮರಳಿ ಕೊಟ್ಟರೂ ಈ ತಂದೆಯು ಮಗುವಿಗೆ ಏನನ್ನು ತೋರಿಸಿಯಾನು?

ಇಲಾಖೆಯವರಲ್ಲಿ ನಾವು ಮಾಡುವ ಬಿನ್ನಹವು ದೊಡ್ಡದಲ್ಲ. ಇನ್ನೂರು ಕಿಲೋಮೀಟರಿಗೆ ಮೀರದ ಹಗಲಿನ ಪ್ರಯಾಣದಲ್ಲಿ, ಆಸನ ಬೇಡವೆಂದವರ ಮಕ್ಕಳಿಗೆ ಅರ್ಧ ಹಣದ ಟಿಕೇಟನ್ನು ಕುಳಿತು ಹೋಗುವ ದರ್ಜೆಗಳಲ್ಲಿಯೂ ಕೊಡಲಿ. ವೃದ್ಧರ ರಿಯಾಯಿತಿಯನ್ನು ಹಿಂದಿನಂತೆ ನಡೆಸಲಿ. ಭಾನುವಾರಗಳಲ್ಲಿಯೂ ಶಾಲೆಗಳ ರಜೆಯಲ್ಲಿಯೂ ಪ್ಯಾಸೆಂಜರ್ ಗಾಡಿಗೆ ಮಕ್ಕಳುಳ್ಳ ಸಂಸಾರಗಳಿಗೆಂದೇ ಒಂದು ಡಬ್ಬಿಯನ್ನು ಜೋಡಿಸಲಿ. ಸಣ್ಣ ಸ್ಟೇಷನ್ನುಗಳಲ್ಲಿ ಕುಡಿಯುವ ನೀರೂ ಬೀಗ ಹಾಕದ ಶೌಚಗೃಹವೂ ಇರಲಿ. ಇದು ಅಸಾಧ್ಯವೆಂದು ಹೇಳುವ ಅಧಿಕಾರಿಗಳಿಗೆ ಶ್ರೀರಂಗಪಟ್ಟಣದಲ್ಲಿ ಅವರ ಇಲಾಖೆಯೇ ಮಾಡಿದ ಕಾರ್ಯವನ್ನು ನೆನಪಿಸಬಯಸುತ್ತೇವೆ. ಅಲ್ಲಿ ಜೋಡಿಹಾದಿಗೆ ಅಡ್ಡಬಂದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಕೆಡವದೆ, ಸುಮಾರು ಸಾವಿರ ಟನ್ನು ತೂಕದ ಆ ಕಟ್ಟಡವನ್ನು 2017ರಲ್ಲಿ ಇದ್ದ ಹಾಗೆಯೇ ಎತ್ತಿ ಬೇರೆ ಕಡೆಗೆ ಸರಿಸಿ ಕೂರಿಸಿದರು. ಸಾವಿರ ಟನ್ನಿಗೆ ಜಾಗ ಹುಡುಕಿದವರಿಗೆ ಆರು ವರ್ಷದ ಮಗುವಿಗೆ ಜಾಗ ಹುಡುಕುವುದು ಕಷ್ಟವಾಗಲಾರದು. ಬರುವ ದಸರೆಯ ರಜೆಯಲ್ಲಿ ಈ ಒಂದು ಹಾದಿಯ ಒಂದು ಗಾಡಿಯಲ್ಲಿ ಇದನ್ನು ಪ್ರಯೋಗಿಸಿ, ಎಷ್ಟು ಟಿಕೇಟು ಹೆಚ್ಚಾಗಿ ಮಾರಾಟವಾಯಿತು, ಎಷ್ಟು ನಷ್ಟವಾಯಿತು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ.