ನಮ್ಮ ತಮಟೆ ಸಾಫ್ಟ್‌ವೇರ್ ಕಿವಿಗೆ ಬರೀ ನಾಯ್ಸ್

ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ಹೋದ ತಿಂಗಳು ನಮ್ಮ ದೊಡ್ಡಪ್ಪ ತೀರ್ಕೊಂಡ್ರು. ನಮ್ಮ ಕಡೆ ಸಂಘದ ಸಭೆಗಳಿಗೆ ಬಂದವರಿಗೆ ಅವರ ಮುಖ ಗೊತ್ತಿರುತ್ತೆ, ಹೆಸರು ಗೊತ್ತಿರಲಿಕ್ಕಿಲ್ಲ. ಭಾಷಣಕಾರರು ಎರಡು ಗಂಟೆ ತಡ ಆದಾಗ ಜನ ಎದ್ದು ಬಸ್‌ಸ್ಟ್ಯಾಂಡ್ ಕಡೆ ಹೋಗದ ಹಾಗೆ ಹಿಡಿದು ಕೂರಿಸ್ತಿದ್ದದ್ದು ಅವರ ಗಂಟಲು. ಹನ್ನೊಂದನೇ ದಿನ ಊಟ ಆದ ಮೇಲೆ ಮನೆಯವರೆಲ್ಲ ಕೂತಿದ್ದಾಗ, ನಾನು ನಾಲ್ಕು ವರ್ಷದ ಹಿಂದೆ ರೆಕಾರ್ಡ್ ಮಾಡಿದ್ದ ಅವರ ಹಾಡು ಹಾಕ್ದೆ. ಒಂದು ಗಂಟೆ ಹತ್ತು ನಿಮಿಷದ ರೆಕಾರ್ಡಿಂಗ್ ಅದು. ದೊಡ್ಡಮ್ಮ ಎರಡು ನಿಮಿಷ ಕೇಳಿದ್ರು, ಆಮೇಲೆ ಅಂದ್ರು: "ಇದು ಅವ್ರಲ್ಲ ಕಣಪ್ಪ."

ಅವರು ಹೇಳಿದ್ದು ಸರಿ. ಅದನ್ನ ಹಾಳು ಮಾಡಿದ್ದು ನಾನೇ. ಆವಾಗ ನನಗೆ ಹೊಸದಾಗಿ ಆಡಾಸಿಟಿ ಸಿಕ್ಕಿತ್ತು. ಫ್ಯಾನ್ ಸದ್ದು, ನಾಯಿ ಸದ್ದು ಎಲ್ಲ ತೆಗೆದು "ಕ್ಲೀನ್" ಮಾಡ್ಬೇಕು ಅನ್ನೋ ಹುಚ್ಚಿನಲ್ಲಿ ನಾಯ್ಸ್ ರಿಡಕ್ಷನ್ ಅನ್ನೋದನ್ನ ಒಂದರ ಮೇಲೊಂದು ಮೂರು ಸಲ ಹಾಕಿದೆ. ಸಣ್ಣ ಎಂಪಿ3 ಮಾಡಿ ಮೂಲದ ಮೇಲೇ ಸೇವ್ ಮಾಡಿದೆ. ಫೋನಿನಲ್ಲಿ ಜಾಗ ಇಲ್ಲ ಅಂತ ಅಲ್ಲಿದ್ದದ್ದನ್ನೂ ಅಳಿಸಿದೆ. ಈಗ ಉಳಿದಿರೋದು ಡಬ್ಬದೊಳಗಿಂದ ಮಾತಾಡಿದಂಥ ಒಂದು ದನಿ. ಉಸಿರಿಲ್ಲ, ತಮಟೆಯ ಗುಂಗಿಲ್ಲ. ಚರ್ಮದ ಮೇಲೆ ಕೋಲು ಬಿದ್ದ ಮೇಲೆ ಒಂದು ಕ್ಷಣ ನಿಂತು ನಡುಗುತ್ತಲ್ಲ, ಅದನ್ನ ಸಾಫ್ಟ್‌ವೇರ್ ಫ್ಯಾನ್ ಸದ್ದಿನ ಜೊತೆ ಸೇರಿಸಿ ಗುಡಿಸಿ ಹಾಕಿದೆ.

ಈ ತಪ್ಪಿನಿಂದ ಕಲಿತದ್ದನ್ನೇ ಬರೀತಿದ್ದೀನಿ. ನಾನು ಸೌಂಡ್ ಎಂಜಿನಿಯರ್ ಅಲ್ಲ. ಹಗಲು ಕಚೇರಿಯಲ್ಲಿ ಟಪಾಲು ಇನ್‌ವರ್ಡ್ ಮಾಡೋನು, ರಾತ್ರಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಇದನ್ನ ಮಾಡ್ತೀನಿ.

ಕೆಲವು ಸಂಗಾತಿಗಳು ಕೇಳ್ತಾರೆ, ಇಷ್ಟೆಲ್ಲ ತಲೆಬಿಸಿ ಯಾಕೆ, ದುಡ್ಡು ಒಟ್ಟು ಮಾಡಿ ಒಳ್ಳೆ ಸ್ಟುಡಿಯೋದಲ್ಲೇ ಮಾಡಿಸಬಹುದಲ್ಲ ಅಂತ. ಮಾಡಿಸಿದ್ದೀವಿ. ನಾಲ್ಕು ಜನ ತಮಟೆಯವರನ್ನ ಕರಕೊಂಡು ಒಂದು ಸ್ಟುಡಿಯೋಗೆ ಹೋದ್ವಿ. ಅಲ್ಲಿನ ಹುಡುಗ ಎರಡು ಪೆಟ್ಟು ಕೇಳಿ "ತುಂಬಾ ಹಾರ್ಶ್ ಸಾರ್, ಕಿವಿಗೆ ಚುಚ್ಚುತ್ತೆ, ಪ್ಯಾಡ್‌ನಲ್ಲಿ ಹಾಕ್ಕೊಡ್ತೀನಿ" ಅಂದ. ನಮ್ಮ ನಾಲ್ಕು ಜನ ಹೊರಗಡೆ ಬೆಂಚಿನ ಮೇಲೆ ಕೂತ್ರು, ಒಳಗೆ ಕೀಬೋರ್ಡ್ ಒಳಗಿನ ಢೋಲಕ್ ಬಾರಿಸ್ತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಕಲಿತಿರೋದೇ ಹಾಗೆ. ಆದ್ರೆ ಹೋರಾಟದ ಹಾಡಿನಿಂದ ತಮಟೆಯವರನ್ನ ಹೊರಗೆ ಕೂರಿಸಿ ರೆಕಾರ್ಡ್ ಮಾಡೋದಾದ್ರೆ ಆ ಹಾಡು ಯಾರಿಗೆ?

ತಮಟೆ ಬಗ್ಗೆ ನಮ್ಮಲ್ಲೇ ಇರೋ ಜಗಳ ಗೊತ್ತಿದೆ. ಸಾವಿಗೆ, ಸಾರೋದಕ್ಕೆ ಬಿಟ್ಟಿ ಬಾರಿಸಿದ್ದು ಸಾಕು, ಬಿಸಾಕಿ ಅಂದವರ ಸಿಟ್ಟು ಸುಳ್ಳಲ್ಲ. ಅದೇ ತಮಟೆಗಾಗಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದೂ ನಿಜ. ಆ ಜಗಳ ಇನ್ನೊಂದು ದಿನ ಆಡೋಣ. ಬಾರಿಸೋದು ಬಿಡೋದು ನಮ್ಮ ತೀರ್ಮಾನ ಆಗಿರಲಿ, ಸಾಫ್ಟ್‌ವೇರ್‌ದಲ್ಲ ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ಕಾರಣ ದೊಡ್ಡದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಕರ್ತೃ ಅಂದ್ರೆ ಹಾಡಿದವರಲ್ಲ, ಅದನ್ನ ಮಾಡಿಸಿದ ನಿರ್ಮಾಪಕ. ಆ ಹಕ್ಕು 60 ವರ್ಷ ನಡೆಯುತ್ತೆ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಅಂತ 50 ವರ್ಷದ್ದು ಬೇರೆ ಇದೆ, ಆದ್ರೆ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತು? ನಿಮ್ಮ ಅಜ್ಜಿ ಕಟ್ಟಿದ ಪದ ಊರಿನದ್ದೇ ಇರಬಹುದು, ಆದ್ರೆ ಅಜ್ಜಿಯ ದನಿ ಇರೋ ಆ ಕ್ಯಾಸೆಟ್ಟು ಯಾರೋ ಕಂಪನಿಯವರದ್ದು. ರೆಕಾರ್ಡ್ ಬಟನ್ ನಮ್ಮವರ ಕೈಯಲ್ಲಿರಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಮಾಡೋರು ಒಂದು ಬಿಳಿ ಹಾಳೆ ಮೇಲೆ "ಈ ರೆಕಾರ್ಡಿಂಗಿನ ಹಕ್ಕು ಹಾಡಿದವರಿಗೂ ಸಂಘಕ್ಕೂ ಸೇರಿದ್ದು" ಅಂತ ಬರೆದು ಎಲ್ಲರ ಸಹಿ ಹಾಕಿಸಿ ಇಟ್ಕೊಳ್ಳಿ. ಕಾಗದದ ಬೆಲೆ ಕ್ಲರ್ಕ್‌ಗೆ ಗೊತ್ತಿರುತ್ತೆ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಜಾಗ. ಅಂಬೇಡ್ಕರ್ ಭವನದಲ್ಲಿ ಮಾಡ್ಬೇಡಿ. ಖಾಲಿ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತೆ, ಆ ಪ್ರತಿಧ್ವನಿಯನ್ನ ಆಮೇಲೆ ಯಾವ ಸಾಫ್ಟ್‌ವೇರೂ ನೀಟಾಗಿ ತೆಗೆಯಲ್ಲ. ಹಾಡುವವರ ಮನೆಯ ಸಣ್ಣ ರೂಮೇ ಸಾಕು. ಮೂರು ಕಡೆ ಹಗ್ಗ ಕಟ್ಟಿ ಕೌದಿ, ರಗ್ಗು ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ಸ್ಟುಡಿಯೋದವರು ಫೋಮ್ ಅಂಟಿಸ್ತಾರಲ್ಲ, ಹಳೇ ಸೀರೆ ಹೊಲಿದ ದಪ್ಪ ಕೌದಿ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲಸ. ಶೀಟಿನ ಮನೆ ಆದ್ರೆ ಮಧ್ಯಾಹ್ನ ಬೇಡ, ಬಿಸಿಲಿಗೆ ಶೀಟು ಟಕಟಕ ಅನ್ನುತ್ತೆ. ಫ್ಯಾನು, ಫ್ರಿಜ್ಜು ಆಫ್. ಬೈಕ್ ಕೀಯನ್ನ ಫ್ರಿಜ್ ಮೇಲೇ ಇಡಿ, ಹೊರಡುವಾಗ ಅದನ್ನ ಆನ್ ಮಾಡೋದು ನೆನಪಾಗುತ್ತೆ. ನಾನೊಂದು ಸಲ ಮರೆತು ಅವರ ಮನೆ ಹಾಲು ಕೆಡಿಸಿದ್ದೀನಿ.

ಮೈಕ್ ಬಗ್ಗೆ ಯೂಟ್ಯೂಬ್ ನೋಡಿ ಕಂಡೆನ್ಸರ್ ಮೈಕ್‌ಗೆ ದುಡ್ಡು ಸುರೀಬೇಡಿ. ಅದು ಪಕ್ಕದ ಮನೆ ಮಿಕ್ಸಿಯನ್ನೂ ಕೇಳಿಸ್ಕೊಳ್ಳುತ್ತೆ. ಸಭೆಗಳಲ್ಲಿ ಮೈಕ್‌ಸೆಟ್‌ನವರು ಕೈಗೆ ಕೊಡ್ತಾರಲ್ಲ, ಅದು ಸಾಮಾನ್ಯವಾಗಿ ಡೈನಮಿಕ್ ಮೈಕ್. ನಮ್ಮಂಥ ಮನೆಗಳಿಗೆ ಅದೇ ವಾಸಿ. ಅದನ್ನ ಲ್ಯಾಪ್‌ಟಾಪ್‌ಗೆ ಸೇರಿಸೋಕೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಅನ್ನೋ ಸಣ್ಣ ಡಬ್ಬಿ ಬೇಕು. ಒಂದು ತಾಲ್ಲೂಕಿಗೆ ಒಂದಿದ್ರೆ ಸಾಕು, ಕೈಯಿಂದ ಕೈಗೆ ಓಡಾಡಲಿ. ಬಾಯಿಗೂ ಮೈಕಿಗೂ ಒಂದು ಗೇಣು ಇರಲಿ. ಬಯಲಿನಲ್ಲಿ ದೂರ ಎರಡರಷ್ಟಾದ್ರೆ ದನಿ 6 ಡಿಬಿ ಇಳಿಯುತ್ತೆ, ರೂಮಿನಲ್ಲಿ ಅದರ ಜಾಗಕ್ಕೆ ಗೋಡೆಯ ಸದ್ದು ಬಂದು ಕೂರುತ್ತೆ. ಇದೂ ಇಲ್ಲ ಅಂದ್ರೆ ಫೋನೇ ಸಾಕು, ಆದ್ರೆ ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡರ್ ಆ್ಯಪ್ ಸೆಟ್ಟಿಂಗ್‌ನಲ್ಲಿ ವೇವ್ ಫೈಲ್ ಆರಿಸ್ಕೊಳ್ಳಿ. ನಾಯ್ಸ್ ಸಪ್ರೆಶನ್, ಆಟೋ ಗೇನ್ ಅಂತ ಇದ್ರೆ ಎರಡನ್ನೂ ಮುಲಾಜಿಲ್ಲದೆ ಆಫ್ ಮಾಡಿ. ಆಟೋ ಗೇನ್ ಇದ್ರೆ ತಮಟೆ ಒಂದು ಪೆಟ್ಟು ಬಿದ್ದ ತಕ್ಷಣ ಹಾಡುವವರ ದನಿ ಬಾವಿಗೆ ಬಿದ್ದಂಗೆ ಕೆಳಗಿಳಿದು ಮತ್ತೆ ಮೇಲೇಳುತ್ತೆ. ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಂತೂ ಹಾಡು ಉಳಿಸ್ತೀನಿ ಅನ್ಕೋಬೇಡಿ, ಅದು ಮಾತಿಗೆ ಮಾಡಿದ್ದು.

ತಮಟೆ ವಿಷಯಕ್ಕೆ ಬಂದ್ರೆ ಇಲ್ಲಿ ನಾನು ಒಂದು ವರ್ಷ ಒದ್ದಾಡಿದ್ದೀನಿ. ಹತ್ತಿರ ಇಟ್ರೆ ಮೈಕ್ ಒಡೆಯುತ್ತೆ, ಅಂದ್ರೆ ಅಲೆಯ ತಲೆ ಕತ್ತರಿಸಿ ಹೋಗಿ ಬರೀ ಚಟಚಟ ಉಳಿಯುತ್ತೆ. ಹಾಗೆ ಒಡೆದದ್ದು ಮತ್ತೆ ಸರಿ ಹೋಗಲ್ಲ. ಎಂಟು ಹತ್ತು ಅಡಿ ದೂರ ಇರಲಿ, ಚರ್ಮದ ಮುಖಕ್ಕೆ ನೇರ ಬೇಡ, ಓರೆಯಾಗಿರಲಿ. ಹಾಡು, ತಮಟೆ ಎರಡೂ ಒಟ್ಟಿಗೇ ನಡೀಬೇಕಲ್ಲ, ಅದಕ್ಕೊಂದು ಉಪಾಯ ಇದೆ. ಈ ಡೈನಮಿಕ್ ಮೈಕ್‌ಗಳಿಗೆ ಬೆನ್ನ ಕಡೆ ಕಿವಿ ಮಂದ. ಹಾಗಾಗಿ ತಮಟೆಯವರನ್ನ ಮೈಕಿನ ಬೆನ್ನಿಗೆ, ಹಾಡುವವರ ಎದುರಿಗೆ ನಿಲ್ಲಿಸಿ. ಒಬ್ಬರ ಮುಖ ಒಬ್ಬರಿಗೆ ಕಾಣೋದರಿಂದ ಹಾಡಿಗೂ ಕಳೆ ಬರುತ್ತೆ. ತಮಟೆ ಹತ್ತಿರ ಇನ್ನೊಂದು ಫೋನ್ ಇಟ್ಟು ಬೇರೆ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಬ್ಬರು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಲಿ, ಕೊನೆಗೂ ಒಂದು. ಆಮೇಲೆ ಎರಡು ಟ್ರ್ಯಾಕ್‌ನಲ್ಲೂ ಆ ಮೊನೆ ಎದ್ದು ಕಾಣುತ್ತೆ, ಎಳೆದು ಜೋಡಿಸಿದ್ರೆ ಆಯ್ತು. ಕೊನೆಯ ಚಪ್ಪಾಳೆ ಯಾಕೆ ಅಂದ್ರೆ, ಎರಡು ಯಂತ್ರದ ಗಡಿಯಾರ ಒಂದೇ ಥರ ಓಡಲ್ಲ, ಅರ್ಧ ಗಂಟೆ ಆದ ಮೇಲೆ ತಾಳ ಜಾರಿರುತ್ತೆ. ಹಾಡು ಹಾಡಿಗೂ ಚಪ್ಪಾಳೆ ಹಾಕಿಸಿದ್ರೆ ಇನ್ನೂ ನೆಮ್ಮದಿ.

ಲೆವೆಲ್ ನೋಡೋವಾಗ "ಸ್ವಲ್ಪ ಬಾರಿಸಣ್ಣ" ಅಂದ್ರೆ ಅಣ್ಣ ಮೆಲ್ಲಗೆ ಬಾರಿಸ್ತಾನೆ. ಹಾಡು ಕಾವೇರಿದ ಮೇಲೆ ಎರಡು ಪಟ್ಟು. ಅದಕ್ಕೇ ಪರೀಕ್ಷೆಯಲ್ಲಿ ದನಿ ಮೈನಸ್ 18 ಡಿಬಿ ಸುತ್ತ ಇದ್ದು, ಏರುದನಿ ಮೈನಸ್ 12 ದಾಟದ ಹಾಗೆ ಇಟ್ಕೊಳ್ಳಿ. ಕಮ್ಮಿ ಆಯ್ತು ಅಂತ ಹೆದರಬೇಡಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಆಮೇಲೆ ಏರಿಸ್ಕೋಬಹುದು. 24 ಬಿಟ್, 48 ಕಿಲೋಹರ್ಟ್ಸ್, ಮೋನೋ ಅಂದ್ರೆ ಒಂದು ಗಂಟೆಗೆ ಸುಮಾರು 520 ಎಂಬಿ. ಇವತ್ತಿನ ಪೆನ್‌ಡ್ರೈವ್‌ಗೆ ಇದೇನೂ ಭಾರ ಅಲ್ಲ. ಮತ್ತೆ ತಮಟೆ ಕಾಯಿಸೋಕೆ ಸಮಯ ಕೊಡಿ. ಬೆಂಕಿಗೆ ಹಿಡಿದಾಗ ಬಿಗಿಯಾದ ಚರ್ಮ ನಾಲ್ಕು ಹಾಡಿಗೆ ಸಡಿಲ ಆಗಿ ಶ್ರುತಿ ಇಳಿಯುತ್ತೆ. ಮಧ್ಯೆ ನಿಲ್ಲಿಸಿ ಟೀ ಕುಡೀರಿ, ಅವರು ಮತ್ತೆ ಕಾಯಿಸ್ಕೊಂಡು ಬರಲಿ.

ಎಡಿಟಿಂಗ್‌ಗೆ ಆಡಾಸಿಟಿ ಪೂರ್ತಿ ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಟ್ರ್ಯಾಕ್ ಜಾಸ್ತಿ ಆಗಿ ಕೈ ಪಳಗಿದ ಮೇಲೆ ರೀಪರ್ ನೋಡಬಹುದು, 60 ದಿನ ಪರೀಕ್ಷೆಗೆ ಕೊಡ್ತಾರೆ. ಕಳ್ಳ ಸಾಫ್ಟ್‌ವೇರ್ ಹಾಕಿ ವೈರಸ್ ತಂದ್ಕೋಬೇಡಿ. ಆಡಾಸಿಟಿ ತೆರೆದ ತಕ್ಷಣ ಮಾಡೋ ಮೊದಲ ಕೆಲಸ ಏನೂ ಮಾಡದೇ ಇರೋದು. ಮೂಲ ಫೈಲನ್ನ ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿ, ಒಂದು ಪೆನ್‌ಡ್ರೈವ್ ಇನ್ನೊಬ್ಬರ ಮನೆಯಲ್ಲಿರಲಿ. ಮೂರನೇ ಕಾಪಿ ಮೇಲೆ ಮಾತ್ರ ಕೈಯಾಡಿಸಿ. ಇದೊಂದು ಮಾಡಿದ್ರೆ ನನ್ನ ದೊಡ್ಡಪ್ಪ ಇವತ್ತು ಹಾಡ್ತಿದ್ರು.

ದನಿಯ ಟ್ರ್ಯಾಕ್‌ಗೆ 80 ಹರ್ಟ್ಸ್‌ಗೆ ಹೈಪಾಸ್ ಫಿಲ್ಟರ್ ಹಾಕಿ, ಲಾರಿಯ ಗುಡುಗುಡು, ಸ್ಟ್ಯಾಂಡ್‌ಗೆ ಕಾಲು ತಾಗಿದ ದಬದಬ ಕಮ್ಮಿ ಆಗುತ್ತೆ. ತಮಟೆ ಟ್ರ್ಯಾಕ್ ಮುಟ್ಟಬೇಡಿ. ಈಗ ನನ್ನ ಶತ್ರು ನಾಯ್ಸ್ ರಿಡಕ್ಷನ್. ಅದು ಕೆಟ್ಟದ್ದಲ್ಲ, ಬಳಸೋ ರೀತಿ ಬೇರೆ. ರೆಕಾರ್ಡಿಂಗ್ ಶುರುವಿಗೆ ಎಲ್ಲರೂ ಐದು ಸೆಕೆಂಡ್ ಸುಮ್ಮನಿರಿ. ಆ ಭಾಗ ಆರಿಸಿ "ಗೆಟ್ ನಾಯ್ಸ್ ಪ್ರೊಫೈಲ್" ಒತ್ತಿ. ಆಮೇಲೆ ಪೂರ್ತಿ ಹಾಡು ಆರಿಸಿ 6 ಡಿಬಿ ಅಷ್ಟೇ ಇಡಿ. ಓಕೆ ಒತ್ತೋ ಮುಂಚೆ ಕೆಳಗಡೆ "ರೆಸಿಡ್ಯೂ" ಅಂತ ಒಂದಿದೆ ನೋಡಿ, ಅದನ್ನ ಆರಿಸಿ ಪ್ರಿವ್ಯೂ ಕೇಳಿ. ಏನನ್ನ ಬಿಸಾಕ್ತಿದೆ ಅನ್ನೋದು ಕೇಳುತ್ತೆ. ಬರೀ ಗಾಳಿ ಸದ್ದು ಇದ್ರೆ ಸರಿ. ಅದರಲ್ಲಿ ದನಿ ಗುನುಗುಡ್ತಿದ್ರೆ, ತಮಟೆ ಬಾಲ ಕೇಳ್ತಿದ್ರೆ ತಕ್ಷಣ ರದ್ದು ಮಾಡಿ. ನಾಲ್ಕು ವರ್ಷ ಆದ ಮೇಲೆ ಇದು ನನಗೆ ಗೊತ್ತಾಯ್ತು. ನಮ್ಮನ್ನ ಹೊರಗಿಟ್ಟವರೂ ಶುದ್ಧ ಅನ್ನೋ ಪದವನ್ನೇ ಹೇಳ್ತಿದ್ರು, ಏನನ್ನ ಬಿಸಾಕಿದ್ರು ಅಂತ ನೋಡೋಕೆ ಅವರು ಪ್ರಿವ್ಯೂ ಇಟ್ಟಿರಲಿಲ್ಲ.

ಮೆಟ್ರೊನೋಮ್ ಹಾಕಿ ಅದಕ್ಕೆ ಹಾಡಿ ಅಂತ ಹಿರಿಯರಿಗೆ ಹಿಂಸೆ ಕೊಡಬೇಡಿ. ನಮ್ಮ ಹಾಡು ನಿಧಾನಕ್ಕೆ ಎದ್ದು ಕೊನೆಗೆ ಓಡುತ್ತೆ, ಸೊಲ್ಲು ಎತ್ತಿಕೊಳ್ಳೋರು ಸ್ವಲ್ಪ ಮುಂಚೆಯೇ ಬಂದು ಬೀಳ್ತಾರೆ. ಅದನ್ನ ಗೆರೆಗೆ ಎಳೆದು ಕೂರಿಸಿದ್ರೆ ಮೆರವಣಿಗೆ ಕವಾಯತು ಆಗುತ್ತೆ. ಆಟೋಟ್ಯೂನ್ ಬಗ್ಗೆ ಮಾತೇ ಬೇಡ. ಹುಡುಗರು ಹೊಸದಾಗಿ ರ‍್ಯಾಪ್ ಕಟ್ಟಿ ಬೇಕು ಅಂತಲೇ ಹಾಕ್ಕೊಂಡ್ರೆ ಅದು ಅವರ ಇಷ್ಟ, ಚೆನ್ನಾಗೇ ಇರುತ್ತೆ. ಎಪ್ಪತ್ತು ವರ್ಷದ ಗಂಟಲಿಗೆ ಹಾಕ್ಬೇಡಿ. ಹಾಗೇ ಫೈನಲ್‌ನಲ್ಲಿ ಸೌಂಡ್ ಕಿವಿ ಕಿತ್ತುಹೋಗೋ ಹಾಗೆ ಏರಿಸಿ ಪ್ರಯೋಜನ ಇಲ್ಲ. ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ರೆ ಯೂಟ್ಯೂಬೇ ಇಳಿಸುತ್ತೆ. ಕಳಿಸೋವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ.

ಕೊನೆಗೆ ಹೆಸರು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಆ ಹಾಡುಗಳು ಪುಸ್ತಕಕ್ಕಿಂತ ಜಾಸ್ತಿ ಬಾಯಲ್ಲೇ ಊರೂರಿಗೆ ಹೋದವು. ಹೊತ್ತುಕೊಂಡು ಹೋದ ಬಾಯಿಗಳ ಹೆಸರು ಎಷ್ಟು ನಮಗೆ ಗೊತ್ತು? ಜಾನಪದ ಸಂಗ್ರಹ ಅಂತ ಪುಸ್ತಕ ತಂದವರದ್ದು ಮುಖಪುಟದಲ್ಲಿ ದೊಡ್ಡ ಹೆಸರು, ಹಾಡಿದವರು "ಒಬ್ಬ ಮುದುಕಿ". ಅದಕ್ಕೇ ಪ್ರತಿ ರೆಕಾರ್ಡಿಂಗ್ ಶುರುವಿಗೆ ಹಾಡುವವರ ಬಾಯಲ್ಲೇ ಹೇಳಿಸಿ: ನನ್ನ ಹೆಸರು ಇದು, ಊರು ಇದು, ಈ ಹಾಡು ಇಂಥವರಿಂದ ಕಲಿತೆ, ತಮಟೆ ಬಾರಿಸ್ತಿರೋರು ಇವರು, ತಾರೀಖು ಇಷ್ಟು. ಫೈಲ್ ಹೆಸರಲ್ಲೂ ಅದೇ ಇರಲಿ, "ನ್ಯೂ ರೆಕಾರ್ಡಿಂಗ್ 17" ಬೇಡ.

ಬರೋ ಭಾನುವಾರ ದೊಡ್ಡಮ್ಮನ ಮನೆಗೆ ಹೋಗ್ತಿದ್ದೀನಿ. ದೊಡ್ಡಪ್ಪ ಹಾಡ್ತಿದ್ದ ಅರ್ಧ ಪದಗಳು ತನಗೂ ಬರುತ್ತೆ, ಆದ್ರೆ ಎಲ್ಲರ ಮುಂದೆ ಯಾವತ್ತೂ ಹಾಡಿಲ್ಲ ಅಂದಿದ್ದಾರೆ. ಕೌದಿ ಅವರ ಮನೆಯಲ್ಲೇ ಇದೆ. ಇನ್ನೊಂದು ಮೈಕ್ ಸ್ಟ್ಯಾಂಡ್ ಬೇಕಿತ್ತು, ಯಾರ ಹತ್ರನಾದ್ರೂ ಇದ್ರೆ ಶನಿವಾರ ಸಂಜೆಯೊಳಗೆ ತಿಳಿಸಿ. ಏನಾದ್ರೂ ಡೌಟ್ ಇದ್ರೆ ಕೇಳಿ, ಕಚೇರಿಯಲ್ಲಿ ಆಡಿಟ್ ನಡೀತಿದೆ, ರಾತ್ರಿ ಎಂಟರ ಮೇಲೆ ಉತ್ತರ ಹಾಕ್ತೀನಿ.