ಸಾಂಬಾರಿನಲ್ಲಿ ಜಿರಲೆ: ‘ಹೋಗ್ಲಿ ಬಿಡು’ ಅನ್ನಬೇಡಿ

ಸಾಂಬಾರಿನ ಬಟ್ಟಲಲ್ಲಿ ಕಪ್ಪಗೆ ಏನೋ ತೇಲುತ್ತಿದೆ. ಒಗ್ಗರಣೆಯ ಮೆಣಸಿನಕಾಯಿ ಇರಬೇಕು ಅಂದುಕೊಂಡು ಚಮಚದ ತುದಿಯಿಂದ ಪಕ್ಕಕ್ಕೆ ಸರಿಸುತ್ತೀರಿ. ಮೆಣಸಿನಕಾಯಿಗೆ ಮೀಸೆ ಇರುತ್ತದೆಯೇ? ಆಮೇಲಿನದು ನಿಮಗೇ ಗೊತ್ತು. ಹೊಟ್ಟೆ ತೊಳಸುತ್ತದೆ, ಮಕ್ಕಳು ‘ಛೀ’ ಅಂತ ತಟ್ಟೆ ದೂಡುತ್ತಾರೆ, ಪಕ್ಕದ ಟೇಬಲಿನವರು ತಿರುಗಿ ನೋಡುತ್ತಾರೆ. ನೀವು ಬಾಯಿ ತೆರೆಯುವ ಮೊದಲೇ ಎದುರಿಗೆ ಕೂತ ಯಜಮಾನರಿಂದ ಮೆಲ್ಲಗೆ ಒಂದು ಆಜ್ಞೆ: ‘ಹೋಗ್ಲಿ ಬಿಡೇ, ಎಲ್ಲರೆದುರು ಗಲಾಟೆ ಯಾಕೆ?’

ಅಲ್ಲಿಗೆ ಮುಗೀತು. ಬಿಲ್ಲು ಕೊಟ್ಟು, ಸೋಂಪು ಬಾಯಿಗೆ ಹಾಕಿಕೊಂಡು, ‘ಇನ್ಮೇಲೆ ಈ ಹೋಟೆಲ್ಲಿಗೆ ಕಾಲಿಡಲ್ಲ’ ಅಂತ ಶಪಥ ಮಾಡಿ ಮನೆಗೆ ಬರ್ತೀವಿ. ನಾವು ಕಾಲಿಡದಿದ್ದರೆ ಜಿರಲೆಗೇನು ನಷ್ಟ? ನಾಳೆ ಅದೇ ಟೇಬಲಿಗೆ ಇನ್ನೊಂದು ಮನೆಯವರು ಬಂದು ಕೂರುತ್ತಾರೆ.

ಇದೇ ನಾವು ಮನೆಯಲ್ಲಿ ಹೇಗಿರುತ್ತೇವೆ ನೋಡಿ. ಅಕ್ಕಿ ಆರಿಸಲು ಕೂತರೆ ಒಂದು ನೆಲ್ಲು, ಒಂದು ಕಲ್ಲು ಕಣ್ತಪ್ಪಿಸಿ ಹೋಗುವಂತಿಲ್ಲ. ಹೂಕೋಸನ್ನು ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿ, ಹುಳ ಇದ್ದರೆ ಹೊರಗೆ ಬಂದ ಮೇಲೆಯೇ ಬಾಣಲೆಗೆ ಹಾಕುವುದು. ಬದನೆಕಾಯಿ ಸೀಳಿ ಒಳಗೆ ಇಣುಕದೆ ಎಣ್ಣೆಗಾಯಿ ಮಾಡುವವರು ಯಾರಿದ್ದಾರೆ? ಅಷ್ಟು ಕಟ್ಟುನಿಟ್ಟಿನವರು ದುಡ್ಡು ಕೊಟ್ಟು ತಿನ್ನುವಾಗ ಮಾತ್ರ ತೆಪ್ಪಗಾಗಿಬಿಡುತ್ತೇವೆ. ಅದಕ್ಕೆ ‘ಮರ್ಯಾದೆ’ ಅಂತ ಹೆಸರು ಬೇರೆ! ಮನೆಯಲ್ಲಿ ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆಯಾದರೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಹೇಳುತ್ತಾರೆ. ಹೋಟೆಲಿನವರಿಗೆ ‘ನಿಮ್ಮ ಸಾಂಬಾರಿನಲ್ಲಿ ಜಿರಲೆ ಇದೆ’ ಅನ್ನಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಇದೆಂಥ ನ್ಯಾಯ?

ಬಾಯಿ ಬಿಟ್ಟ ಒಬ್ಬ ಹೆಂಗಸಿನ ಕಥೆ ಹೇಳ್ತೀನಿ, ಕೇಳಿ. ನಡೆದದ್ದು ಸ್ಕಾಟ್ಲೆಂಡಿನ ಪೈಸ್ಲಿ ಅನ್ನುವ ಊರಿನಲ್ಲಿ, 1928ರ ಆಗಸ್ಟ್‌ನಲ್ಲಿ. ಮೇ ಡೊನೊಹ್ಯೂ ಎಂಬ ಅಂಗಡಿ ಕೆಲಸದಾಕೆ ಗೆಳತಿಯ ಜೊತೆ ಒಂದು ಕೆಫೆಗೆ ಹೋದಳು. ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಹೆಸರು ಬಿಯರ್ ಆದರೂ ಅದು ಶುಂಠಿಯ ಪಾನೀಯ, ನಮ್ಮ ಗೋಲಿಸೋಡಾದ ದೂರದ ನೆಂಟ. ಬಾಟಲಿಯ ಗಾಜು ದಟ್ಟ ಬಣ್ಣದ್ದು, ಒಳಗೇನಿದೆ ಅಂತ ಕಾಣುವಂತಿರಲಿಲ್ಲ. ಅರ್ಧ ಕುಡಿದಾಗಿತ್ತು. ಉಳಿದದ್ದನ್ನು ಗೆಳತಿ ಲೋಟಕ್ಕೆ ಬಗ್ಗಿಸಿದಾಗ ಕೊಳೆತ ಬಸವನಹುಳ ಜಾರಿ ಬಂತು ಎಂಬುದು ಆಕೆಯ ದೂರು. ಹೊಟ್ಟೆ ಕೆಟ್ಟು ಮಲಗಿದಳು. ಕೇಸು ಹಾಕಹೊರಟರೆ ಕಾನೂನಿನ ತೊಡಕು ಅಡ್ಡ ಬಂತು. ದುಡ್ಡು ಕೊಟ್ಟಿದ್ದು ಗೆಳತಿ, ಕುಡಿದದ್ದು ಈಕೆ. ಅಂದ ಮೇಲೆ ಅಂಗಡಿಯವನ ಜೊತೆ ಈಕೆಗೆ ವ್ಯವಹಾರವೇ ಇಲ್ಲವಲ್ಲ! ತನಗೆ ಐದು ಪೌಂಡಿನ ಆಸ್ತಿಯೂ ಇಲ್ಲ ಅಂತ ಪ್ರಮಾಣಪತ್ರ ಕೊಟ್ಟು, ಬಡವಳೆಂದು ಖರ್ಚಿನ ವಿನಾಯಿತಿ ಪಡೆದು, ಆಕೆ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದಳು. 1932ರ ಮೇ ತಿಂಗಳಲ್ಲಿ ತೀರ್ಪು ಬಂತು. ಐವರಲ್ಲಿ ಮೂವರು ನ್ಯಾಯಾಧೀಶರು ಆಕೆಯ ಪರ. ದುಡ್ಡು ಯಾರೇ ಕೊಡಲಿ, ಕೊನೆಗೆ ಯಾರ ಹೊಟ್ಟೆಗೆ ಹೋಗುತ್ತದೋ ಅವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಅಂದರು. ಬಸವನಹುಳ ನಿಜವಾಗಿಯೂ ಇತ್ತೇ ಎಂಬ ವಿಚಾರಣೆ ನಡೆಯಲೇ ಇಲ್ಲ, ಅದಕ್ಕೆ ಮೊದಲೇ ರಾಜಿಯಾಯಿತು. ಆದರೂ ಲಾ ಓದುವ ನಮ್ಮ ಮಕ್ಕಳು ಇವತ್ತಿಗೂ ಈ ಕೇಸು ಓದುತ್ತಾರೆ.

ನಾಲ್ಕು ವರ್ಷ ಹೋರಾಡಲು ನಮಗೆಲ್ಲಿ ಪುರುಸೊತ್ತು ಅಂತೀರಾ? ನಮಗೆ ಅಷ್ಟು ಕಷ್ಟವಿಲ್ಲ ಕಣ್ರೀ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಗ್ರಾಹಕ’ ಅಂದರೆ ಕೊಂಡವರು ಮಾತ್ರವಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಹೌದು. ಬಿಲ್ಲು ಯಜಮಾನರು ಕೊಟ್ಟರೂ ದೂರು ನಿಮ್ಮದೇ ಹೆಸರಿನಲ್ಲಿ ಕೊಡಬಹುದು. ಕೊಂಡ ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು. ಇನ್ನು 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಆಹಾರದಲ್ಲಿ ಇರಬಾರದ ವಸ್ತು ಸಿಕ್ಕರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಹಾಗಂತ ಕೂದಲು ಸಿಕ್ಕಿದ ಕೂಡಲೇ ಕೋರ್ಟಿಗೆ ಓಡಿ ಅಂತ ನಾನು ಹೇಳುತ್ತಿಲ್ಲ. ಯಾವ ಮನೆಯ ಅನ್ನದಲ್ಲಿ ಒಂದು ದಿನವೂ ಕೂದಲು ಸಿಕ್ಕಿಲ್ಲ ಹೇಳಿ? ತಟ್ಟೆ ಬದಲಿಸಲು ಹೇಳಿ, ಅಡುಗೆಯವರು ತಲೆಗೆ ಟೋಪಿ ಹಾಕಲಿ ಅಂತ ಮ್ಯಾನೇಜರಿಗೆ ಒಂದು ಮಾತು ಹಾಕಿ, ಊಟ ಮುಂದುವರಿಸಿ. ಬಿಲ್ಲು ತಪ್ಪಿಸಿಕೊಳ್ಳಲು ತಾವೇ ಕೂದಲು ಹಾಕುವ ಗಿರಾಕಿಗಳೂ ಇದ್ದಾರೆ ಅಂತ ಹೋಟೆಲಿನವರು ಗೊಣಗುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ. ಆದರೆ ಜಿರಲೆ, ಹಲ್ಲಿ, ಗಾಜಿನ ಚೂರು, ಸ್ಟೇಪ್ಲರ್ ಪಿನ್ನು ಬೇರೆಯೇ ಮಾತು. ಹಲ್ಲಿ ಬಿದ್ದ ಸಾಂಬಾರು ವಿಷ ಅನ್ನುತ್ತಾರಲ್ಲ, ನಮ್ಮ ಮನೆಗೋಡೆಯ ಹಲ್ಲಿಗೆ ನಿಜವಾಗಿ ವಿಷವಿಲ್ಲ. ಅದರ ಕರುಳಿನಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ವಾಂತಿ, ಭೇದಿ ತರುವುದು ಅದು. ತಿಂದಾದ ಮೇಲೆ ಗೊತ್ತಾದರೆ ಗಾಬರಿ ಬೇಡ, ಆದರೆ ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ತಿಂದಿದ್ದರೆ ಡಾಕ್ಟರಿಗೆ ತೋರಿಸಿ. ಆ ಚೀಟಿಯನ್ನೂ ಇಟ್ಟುಕೊಳ್ಳಿ.

ಹೋಟೆಲಿನಲ್ಲಿ ಎದ್ದು ನಿಂತು ಕೂಗಾಡಬೇಕಿಲ್ಲ. ಕೂತಲ್ಲೇ ಕೂತಿರಿ. ಸಪ್ಲೈಯರ್ ಹುಡುಗನನ್ನು ಬೈಯಬೇಡಿ, ಪಾಪ, ಒಳಗಿನವರು ಕೊಟ್ಟದ್ದನ್ನು ಅವನು ತಂದಿಟ್ಟಿದ್ದಾನೆ. ಅವನು ‘ಸಾರಿ ಮೇಡಂ’ ಅಂತ ಬಟ್ಟಲು ಎತ್ತಿಕೊಳ್ಳಲು ಕೈ ಚಾಚುತ್ತಾನೆ ನೋಡಿ, ಅಲ್ಲಿ ಮಾತ್ರ ಗಟ್ಟಿಯಾಗಿರಿ. ಬಟ್ಟಲು ಒಳಗೆ ಹೋದರೆ ನಿಮ್ಮ ದೂರೂ ಅದರ ಜೊತೆಗೇ ಹೋಯಿತು. ಮೊದಲು ಫೋಟೊ. ಬಟ್ಟಲು, ಟೇಬಲು, ಹೋಟೆಲಿನ ಹೆಸರಿರುವ ಮೆನು ಕಾರ್ಡು ಒಟ್ಟಿಗೆ ಬರುವಂತೆ ತೆಗೆಯಿರಿ. ಆಮೇಲೆ ಮ್ಯಾನೇಜರನ್ನು ಕರೆಸಿ. ಅವರು ‘ಬಿಲ್ಲು ಬೇಡ ಬಿಡಿ’ ಅನ್ನುತ್ತಾರೆ. ಇದರಲ್ಲೇ ಇರುವುದು ಮಜಾ! ದುಡ್ಡು ವಾಪಸ್ ತಗೊಳ್ಳಿ, ಬೇಡ ಅನ್ನಬೇಡಿ. ಆದರೆ ಬಿಲ್ಲಿನ ಕಾಗದ ಕೇಳಿ ಪಡೆಯಿರಿ. ಆಹಾರದ ಬಿಲ್ಲುಗಳ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರಬೇಕೆಂಬ ನಿಯಮ 2022ರ ಜನವರಿಯಿಂದ ಇದೆ. ಆ ನಂಬರು ಸಿಕ್ಕಿದರೆ ಹೋಟೆಲಿನ ಜಾತಕವೇ ಸಿಕ್ಕಿದಂತೆ.

ಪ್ಯಾಕೆಟ್ ಆಹಾರದ ವಿಷಯ ಸ್ವಲ್ಪ ಜಟಿಲ. ರವೆ ಬಲೆಕಟ್ಟಿದೆ, ಕಡಲೆಹಿಟ್ಟಿನಲ್ಲಿ ಹುಳ ಹರಿಯುತ್ತಿದೆ, ಹೆಸರುಕಾಳು ಕುಟ್ಟೆ ಹಿಡಿದಿದೆ. ತಪ್ಪು ಯಾರದು? ಗಿರಣಿಯದೇ, ಅಂಗಡಿಯದೇ, ನಮ್ಮ ಡಬ್ಬದ್ದೇ? ಕೆಲವು ಹುಳಗಳ ಮೊಟ್ಟೆ ಕಾಳಿನಲ್ಲೇ ಇದ್ದು, ಸೆಖೆಗೆ ಒಡೆದು ಬರುತ್ತವೆ. ಕೆಲವು ತೆಳು ಪ್ಲಾಸ್ಟಿಕ್ಕನ್ನು ಕೊರೆದು ಹೊರಗಿನಿಂದಲೂ ನುಗ್ಗುತ್ತವೆ. 2003ರ ಅಕ್ಟೋಬರ್‌ನಲ್ಲಿ, ದೀಪಾವಳಿ ಹೊಸ್ತಿಲಲ್ಲಿ, ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಡೇರಿ ಮಿಲ್ಕ್ ಚಾಕಲೇಟಿನಲ್ಲಿ ಹುಳ ಸಿಕ್ಕಿದ್ದು ನೆನಪಿದೆಯಲ್ಲ? ಅಂಗಡಿಯವರು ಸರಿಯಾಗಿ ಇಟ್ಟಿಲ್ಲ ಅಂತ ಕಂಪನಿ ಹೇಳಿತು. ಅಲ್ಲಿನ ಆಹಾರ ಇಲಾಖೆ, ಹಾಗಾದರೆ ನಿಮ್ಮ ಪ್ಯಾಕಿಂಗ್ ಎಷ್ಟು ಭದ್ರ ಅಂತ ತಿರುಗಿ ಕೇಳಿತು. ಕೊನೆಗೆ 2004ರಲ್ಲಿ ಗಾಳಿಯಾಡದಂತೆ ಬಿಗಿಯಾದ ಹೊಸ ಹೊದಿಕೆ ಬಂತು. ಅಮಿತಾಭ್ ಬಚ್ಚನ್ ಜಾಹೀರಾತಿನಲ್ಲಿ ಧೈರ್ಯ ಹೇಳಿದರು. ಹುಳ ಕಂಡವರು ಚಾಕಲೇಟನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಾಗಿದ್ದರೆ ಆ ಹೊದಿಕೆ ಬರುತ್ತಿತ್ತೇ?

ಹಾಗಾಗಿ ಪ್ಯಾಕೆಟ್ಟು ತಂದ ದಿನವೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸೀಲು ಒಡೆಯುವ ಮೊದಲೇ ಒಳಗೆ ಹುಳ ಕಂಡರೆ ದಯವಿಟ್ಟು ಒಡೆಯಬೇಡಿ. ಸೀಲಿರುವ ಪ್ಯಾಕೆಟ್ಟಿನಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಒಡೆದ ಮೇಲೆ ಕಂಡರೂ ಡಬ್ಬಕ್ಕೆ ಸುರಿಯದೆ, ಅದೇ ಪ್ಯಾಕೆಟ್ಟಿನ ಬಾಯಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಬ್ಯಾಚ್ ನಂಬರು, ತಯಾರಾದ ದಿನಾಂಕ ಅಳಿಸದಂತೆ ನೋಡಿಕೊಳ್ಳಿ. ಎರಡು ತಿಂಗಳು ಡಬ್ಬದಲ್ಲಿದ್ದ ರವೆಗೆ ಹುಳ ಬಂದರೆ ಮಾತ್ರ ಯಾರನ್ನೂ ದೂರುವಂತಿಲ್ಲ. ತಂದ ಕೂಡಲೇ ಬೆಚ್ಚಗೆ ಹುರಿದಿಡುತ್ತಿದ್ದ ನಮ್ಮ ಅಜ್ಜಿಯರ ಉಪಾಯವೇ ಅದಕ್ಕೆ ಮದ್ದು.

ಸಾಕ್ಷಿ ಜೋಪಾನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಜೂನ್‌ನಲ್ಲಿ ಮುಂಬೈನ ಮಲಾಡ್‌ನಲ್ಲಿ ನಡೆದದ್ದು ನೋಡಿ. ಆನ್‌ಲೈನ್‌ನಲ್ಲಿ ತರಿಸಿದ ಕೋನ್ ಐಸ್‌ಕ್ರೀಮಿನಲ್ಲಿ ಮನುಷ್ಯನ ಬೆರಳಿನ ತುಂಡು ಸಿಕ್ಕಿತು! ತಿನ್ನುತ್ತಿದ್ದವರು ಡಾಕ್ಟರು. ಅದನ್ನು ಎಸೆಯದೆ ಪೊಲೀಸರಿಗೆ ಒಪ್ಪಿಸಿದರು. ಡಿಎನ್‌ಎ ಪರೀಕ್ಷೆಯಾಗಿ, ಪುಣೆ ಕಡೆಯ ಕಾರ್ಖಾನೆಯ ಕೆಲಸಗಾರನೊಬ್ಬನ ಬೆರಳು ಅಂತ ಪತ್ತೆಯಾಯಿತು. ತಯಾರಕರ ಪರವಾನಗಿ ಅಮಾನತಾಯಿತು. ನಮಗೆಲ್ಲ ಓದಿ ಹೇಸಿಗೆಯಾಯಿತು, ಆದರೆ ಬೆರಳು ಕಳೆದುಕೊಂಡ ಆ ಬಡಪಾಯಿಯನ್ನು ನೆನೆದವರು ಎಷ್ಟು ಮಂದಿಯೋ.

ಇಷ್ಟೆಲ್ಲ ಕಣ್ಣಿಗೆ ಕಾಣುವವು. ಜಿರಲೆಗಾದರೂ ಕಾಲು ಮೀಸೆ ಇದೆ, ಸಿಕ್ಕಿಬೀಳುತ್ತದೆ. ಕಾಣದೇ ಒಳಗೆ ಹೋಗುವುದರ ಗತಿ ಏನು? ನಮ್ಮ ಮಕ್ಕಳ ಪ್ರಾಣವಾದ ಗೋಬಿ ಮಂಚೂರಿಯನ್ನನ್ನೇ ತಗೊಳ್ಳಿ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಟ್ಟ ಲೆಕ್ಕದ ಪ್ರಕಾರ, ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಕೃತಕ ಬಣ್ಣವಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಅದರ ಗುಲಾಬಿ ರಂಗಿಗೆ ಬಳಸಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅದಕ್ಕೆ ಅನುಮತಿಯಿಲ್ಲ. ಸರ್ಕಾರ ಬಣ್ಣ ನಿಷೇಧಿಸಿತು, ಗೋಬಿಯನ್ನಲ್ಲ. ಅದೇ ಜೂನ್‌ನಲ್ಲಿ ಕಬಾಬಿಗೂ ಬಣ್ಣ ಹಾಕುವಂತಿಲ್ಲ ಅಂತ ಆದೇಶ ಬಂತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನಮಗೆ ಗೊತ್ತಿಲ್ಲವೇ? ತಿಂದ ಮೇಲೆ ಕೈ ತೊಳೆದರೂ ಬೆರಳು ಕೆಂಪಗೇ ಉಳಿದರೆ ನನಗಂತೂ ಅನುಮಾನವೇ.

ನನಗೆ ಹೆಚ್ಚು ಹೊಟ್ಟೆ ಉರಿದದ್ದು ಇಡ್ಲಿಯ ಸುದ್ದಿಗೆ. ಕಾಯಿಲೆಯವರಿಗೆ, ಹಲ್ಲಿಲ್ಲದ ಕೂಸಿಗೆ, ಬಾಣಂತಿಗೆ ‘ಇಡ್ಲಿ ಆದರೆ ಭಯವಿಲ್ಲ’ ಅಂತ ಕಣ್ಣು ಮುಚ್ಚಿ ಕೊಡ್ತೀವಲ್ಲ, ಅದೇ ಇಡ್ಲಿ! 2025ರ ಫೆಬ್ರುವರಿಯಲ್ಲಿ ಇಲಾಖೆಯವರು 251 ಕಡೆ ನೋಡಿದಾಗ 52 ಕಡೆ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಬಟ್ಟೆಯನ್ನು ದಿನಾ ಒಗೆಯಬೇಕು, ಪ್ಲಾಸ್ಟಿಕ್ಕಾದರೆ ಕಿತ್ತು ಬಿಸಾಡಬಹುದು, ಅಷ್ಟೇ ಸೋಮಾರಿತನ. ಕುದಿಯುವ ಹಬೆಯಲ್ಲಿ ಬಿಸಿಯಾದ ಪ್ಲಾಸ್ಟಿಕ್ಕಿನಿಂದ ಏನೇನು ಇಡ್ಲಿಗೆ ಇಳಿಯಬಹುದು ಅನ್ನುವ ಯೋಚನೆಯೇ ಇಲ್ಲ. ಸರ್ಕಾರ ಅದನ್ನೂ ನಿಷೇಧಿಸಿತು. ಹಾಗೆಂದು ಬೆಳಗಿನ ಜಾವ ಐದಕ್ಕೆ ಪ್ರತಿ ಇಡ್ಲಿ ಗಾಡಿಯ ಮುಂದೆ ಅಧಿಕಾರಿ ನಿಂತಿರಲು ಸಾಧ್ಯವೇ? ಪಾತ್ರೆಯ ಮುಚ್ಚಳ ತೆಗೆದಾಗ ಮುಂದೆ ನಿಂತಿರುವವರು ನಾವು. ‘ಬಟ್ಟೆ ಹಾಕಿದರೆ ಮಾತ್ರ ಕಟ್ಟಿಕೊಡಪ್ಪಾ’ ಅಂತ ನಾಲ್ಕು ಜನ ಹೇಳಿದರೆ ಐದನೆಯ ದಿನ ಬಟ್ಟೆ ಬರುತ್ತದೆ.

ಈಗ ಮನೆಬಾಗಿಲಿಗೇ ಊಟ ಬರುತ್ತದೆ. ಹುಳ ಸಿಕ್ಕಿತು ಅಂತ ಫೋನಿನಲ್ಲೇ ದೂರು ಕೊಟ್ಟರೆ ಎರಡು ನಿಮಿಷದಲ್ಲಿ ದುಡ್ಡು ವಾಪಸ್, ಜೊತೆಗೊಂದು ರಿಯಾಯಿತಿ ಕೂಪನ್. ಎಷ್ಟು ಒಳ್ಳೆಯವರು ಅನ್ನಿಸುತ್ತದೆ, ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಆ ಇನ್ನೂರೈವತ್ತು ರೂಪಾಯಿ ನಮ್ಮ ಬಾಯಿಗೆ ಹಾಕಿದ ಬೀಗ. ದುಡ್ಡು ಬಂದ ಮೇಲೂ ದೂರು ಕೊಡುವ ಹಕ್ಕು ಎಲ್ಲಿಗೂ ಹೋಗುವುದಿಲ್ಲ. ವಾಟ್ಸ್ಯಾಪ್ ಗುಂಪಿಗೆ ಫೋಟೊ ಹಾಕಿ ‘ಯಕ್’ ಅನ್ನಿಸಿಕೊಂಡರೆ ಸಾಲದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನು ಮಾಡಿ, ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಒಂದು ಅರ್ಜಿ ಕೊಡಿ.

ಅರ್ಜಿ ಅಂದರೆ ಹೆದರಬೇಡಿ, ಕನ್ನಡದಲ್ಲೇ ಬರೆಯಿರಿ. ಇಂಥ ದಿನ, ಇಂಥ ಹೊತ್ತು, ಇಂಥ ಕಡೆ ಏನು ಕೊಂಡಿರಿ, ಏನು ಸಿಕ್ಕಿತು, ಯಾರಿಗೆ ಹೇಳಿದಿರಿ, ಅವರೇನಂದರು, ಇಷ್ಟು ಸಾಕು. ಸಿಟ್ಟಿನ ವಿಶೇಷಣಗಳೆಲ್ಲ ಬೇಡ. ಫೋಟೊ, ಬಿಲ್ಲಿನ ಜೆರಾಕ್ಸ್ ಲಗತ್ತಿಸಿ, ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಲ್ಲಿನ ಜೆರಾಕ್ಸನ್ನು ಅವತ್ತೇ ಮಾಡಿಸಿ, ಈಗಿನ ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ಅಸಲಿ ಬಿಲ್ಲು ಮಾತ್ರ ಯಾರಿಗೂ ಕೊಡದೆ ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ.