ಆಟಿಕೆ ಬೇಡ ಸ್ವಾಮಿ, ಡಬ್ಬಿ ಸಾಕು!

ಹೊರಗೆ ಜಡಿಮಳೆ, ಒಳಗೆ ಒಂದೂವರೆ ವರ್ಷದ ಮಗಳು. "ಬುದ್ಧಿ ಬೆಳೆಸುವ" ಆಟಿಕೆ ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತಂತೆ! ನಂಬಿದೆ, 1200 ರೂಪಾಯಿ ಸುರಿದೆ. ಅವಳೋ ಆಟಿಕೆಯನ್ನು ಮೂಲೆಗೆಸೆದು, ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಹೋಗಿ ಕೂತಳು!

ಅಮೆರಿಕದ ರಾಷ್ಟ್ರೀಯ ಆಟಿಕೆ ಹಾಲ್ ಆಫ್ ಫೇಮ್‌ನವರು ರಟ್ಟಿನ ಪೆಟ್ಟಿಗೆಯನ್ನು 2005ರಲ್ಲೇ ಸೇರಿಸಿಕೊಂಡಿದ್ದಾರೆ. ಬಿಇ ಓದಿದ ನನಗೆ ಹೊಳೆಯಲಿಲ್ಲ ನೋಡಿ...

ಈಗ ಅಡುಗೆಮನೆಯೇ ಆಟದಂಗಡಿ. ಸ್ಟೀಲ್ ಡಬ್ಬಿಗೆ ಸರಿಹೊಂದುವ ಮುಚ್ಚಳ ಹುಡುಕುವುದು, ಲೋಟದೊಳಗೆ ಲೋಟ ಜೋಡಿಸುವುದು, ಸೌಟಿನಿಂದ ಪಾತ್ರೆ ಬಡಿಯುವುದು. (ಕಾಳು, ನಾಣ್ಯ ಮಾತ್ರ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.) ಆದರೆ ಪಕ್ಕದಲ್ಲಿ ಯಾರಾದರೂ ಕೂರಲೇಬೇಕು.

ನಿಜ ಹೇಳಲಾ? ಆ ಆಟಿಕೆ ತಂದದ್ದೇ ನಾನು ಲ್ಯಾಪ್‌ಟಾಪ್ ಮುಂದೆ ನೆಮ್ಮದಿಯಾಗಿ ಕೂರೋಕೆ. ನೀವು?